ಗಾಳಿಯ ಹ್ಯಾಂಡಲ್

ಹಿರೋಳ್ಳಿ
೯ ಜೂನ್ ೨೦೨೪

ನನ್ನ ಮಗಳು ಪಂಚಶೀಲಾಗ ಅವ್ವನ ಜೈಭೀಮ್.

ನಿನ್ನೆ ಫೋನಿನ್ಯಾಗ ನೀ ಏನೇನ್ ಒದರಿದಿ, ನನಗ ಒಂದೂ ತಿಳೀಲಿಲ್ಲ ಬೇ. ಎಡಗಿವಿ ಪೂರಾ ಹೋಗ್ಯದ. ಬಲಗಿವ್ಯಾಗ ಗಿರಣಿ ಬಂದ್ ಇದ್ದಾಗೂ ಗಿರಣಿ ನಡದಂಗೇ ಇರ್ತದ. ಊಟ ಆತೇನು ಅಂತ ಕೇಳಾಕತ್ತಿರಬೇಕು ಅಂತ ತಿಳದು "ಹೂಂ, ಚಲೋ ಆತು" ಅಂದೆ. ನಿಮ್ಮಪ್ಪ ಹೊಟ್ಟಿ ಹಿಡಕೊಂಡು ನಕ್ಕರು. ನೀ ಜ್ವರ ಬಂದಾವು ಅಂದಿದ್ದಿ ಅಂತ.

ಅದಕ್ಕ ಇನ್ನ ಫೋನ್ ಮಾಡೋದಿದ್ರ ನಿಮ್ಮಪ್ಪಗ ಮಾಡು. ನನಗ ಚೀಟಿ ಬರಿ. ಏಳನೇತ್ತಾ ತನಕ ಕಲ್ತೇನಿ, ಓದಾಕ ಬರ್ತದ, ಬರ್ಯಾಕೂ ಬರ್ತದ. ವಾಟ್ಸಾಪ್ ಗೀಟ್ಸಾಪ್ ನನಗ ಬ್ಯಾಡ. ಹಿಟ್ಟಿನ ಕೈಲೆ ಆ ಗಾಜು ಎಷ್ಟ್ ತಿಕ್ಕಿದ್ರೂ ಅದು ಏನೂ ತಿಳ್ಕೊಳಂಗಿಲ್ಲ.

ಗಿರಣಿ ಛಲೋ ನಡದದ. ದತ್ತಾತ್ರೇಯನ ಕರೆಂಟಿನ ಗಿರಣಿ ಬಂದ ಮ್ಯಾಲ ನನ್ನ ಬಲ್ಲಿ ಯಾರೂ ಬರಂಗಿಲ್ಲ ಅಂತಿದ್ರು. ಕರೆಂಟ್ ಹೋತಂದ್ರ ಎಲ್ಲಾರೂ ಬುಟ್ಟಿ ಹೊತ್ಕೊಂಡು ನಮ್ಮ ಡೀಸಲ್ಲಿನ ಕಾಳಿ ಇಂಜಿನ್ನಿನ ಮುಂದೇ ನಿಂದರ್ತಾರ. ಹುಣಸಿ ಮುಪ್ಪಾದ್ರ ಹುಳಿ ಮುಪ್ಪೇನು?

ಮೊನ್ನಿ ಬಸವೇಶ್ವರಿ ಜ್ವಾಳ ಬೀಸಾಕ ಬಂದಾಕಿ, ನನ್ನ ಬಲಗಿವಿಗೆ ಬಾಯಿ ಹಚ್ಚಿ, "ನಿನ್ನ ಮಗಳು ಹೈದರಾಬಾದಿನ್ಯಾಗ ಏನ್ ಮಾಡ್ತಾಳ?" ಅಂದ್ಲು. ವಿಮಾನದ ರಿಪೇರಿ ಕಲಿಯಾಕತ್ತಾಳ ಅಂದೆ. "ಅಂದ್ರ ಚಾಲೂ ಮಾಡಾಕೂ ಬರ್ತದೇನು?" ಅಂದ್ಲು. ನನಗ ಗೊತ್ತಿರೋದು ನಮ್ಮ ಇಂಜಿನ್ನಿಂದು. ಎಡಗೈಲೆ ತಲಿ ಮ್ಯಾಗಿನ ಲಿವರ್ ಎತ್ತಿ ಹಿಡಿ, ಬಲಗೈಲೆ ಹ್ಯಾಂಡಲ್ ತಿರುವು, ಗಾಲಿ ಓಟ ಹಿಡೀತು ಅಂದ್ಕೂಡ್ಲೆ ಲಿವರ್ ಬಿಡು. ಢಬ್ ಅಂತದ, ಹೊಗಿ ಉಗುಳ್ತದ, ಮುಗೀತು. ಅಷ್ಟ್ ದೊಡ್ಡ ವಿಮಾನಕ್ಕ ಹ್ಯಾಂಡಲ್ ಎಲ್ಲದ? ಅದನ್ನ ತಿರುವಾಕ ಎಷ್ಟ್ ಮಂದಿ ಬೇಕು? ಬರಿ, ಬಸವೇಶ್ವರಿ ದಿನಾ ಕೇಳ್ತಾಳ.

ನಿಮ್ಮಪ್ಪ ತಕ್ಕಡಿ ಮುಂದ ಕುಂತು ಎಲ್ಲಾ ಕೇಳ್ಸಕೊಂಡ್ರು. ಹ್ಯಾಂಡಲ್ ಅಂದ ಕೂಡ್ಲೆ ಆ ಸೊಟ್ಟಾದ ಬಲಗೈ ಟಾವೆಲಿನ್ಯಾಗ ಮುಚ್ಚಿಕೊಂಡ್ರು. ಅವರ ಚಟಾ ನಿನಗ ಗೊತ್ತೇ ಅದ.

ಜ್ವರ ಇಳದ್ವೋ ಇಲ್ಲೋ ಮೊದಲ ಅದು ಬರಿ.

ನಿನ್ನ ಅವ್ವ,
ರುಕ್ಮಿಣಿಬಾಯಿ


ಶಂಷಾಬಾದ್, ಹೈದರಾಬಾದ್
೨೩ ಜೂನ್ ೨೦೨೪

ಯವ್ವಾ, ಜೈಭೀಮ್.

ಜ್ವರ ಇಳದಾವು. ನಿನ್ನ ಲಕೋಟಿ ಹಾಸ್ಟೆಲಿನ ವಾಚ್‌ಮನ್ ಕೈಗೆ ಕೊಟ್ಟ. ಈಗಿನ ಕಾಲದಾಗ ಚೀಟಿ ಯಾರ್ ಬರೀತಾರ ಅಂತ ಅಂಜಿ ಅಂಜಿ ಒಡದೆ. ಒಳಗಿಂದ ಜ್ವಾಳದ ಹಿಟ್ಟು ಉದರ್ತು. ಮೂಗಿಗೆ ಹಿಡದು ಮೂಸಿ ನೋಡಿದೆ, ಬಾಜೂಕಿನ ಹುಡುಗಿ ರಾಧಿಕಾ ನನಗ ಹುಚ್ಚು ಹಿಡದದ ಅಂತ ತಿಳದ್ಲು.

ನಿನ್ನ ಪ್ರಶ್ನಿ ಖುರ್ಷಿದ ಸಾಹೇಬರಿಗೆ ಕೇಳಿದೆ. ನಮಗ ಕೆಲಸ ಕಲಸೋ ಇಂಜಿನಿಯರ್ ಅವರು, ಹಳೇ ಹೈದರಾಬಾದಿನವರು. "ಅಮ್ಮಾ ಬರೋಬ್ಬರಿ ಕೇಳ್ಯಾರ. ನೀವೆಲ್ಲಾ ಕೋರ್ಸ್ ಮುಗಿಸಿ ಬಂದ್ರಿ, ಒಬ್ಬರೂ ಮೊದಲ ದಿನ ಇದು ಕೇಳ್ಲಿಲ್ಲ" ಅಂದ್ರು.

ಕೇಳು. ವಿಮಾನದ ಇಂಜಿನ್ ತನ್ನಷ್ಟಕ್ಕ ತಾನು ಏಳಂಗಿಲ್ಲ. ಅದು ಗಾಳಿ ನುಂಗಬೇಕು, ನುಂಗಿದ್ದನ್ನ ಒತ್ತಬೇಕು, ಒತ್ತಿದ ಗಾಳ್ಯಾಗ ಎಣ್ಣಿ ಬಿಟ್ಟು ಕಿಡಿ ಕೊಡಬೇಕು. ಆದ್ರ ಗಾಳಿ ನುಂಗಾಕ ಒಳಗಿನ ಚಕ್ರ ತಿರಗಬೇಕು, ಚಕ್ರ ತಿರಗಾಕ ಬೆಂಕಿ ಬೇಕು. ಬೆಂಕಿ ಇಲ್ದ ತಿರಗಂಗಿಲ್ಲ, ತಿರಗದ ಬೆಂಕಿ ಹತ್ತಂಗಿಲ್ಲ. ನಮ್ಮ ಕಾಳಿ ಇಂಜಿನ್ನಿನ ಹಣೇಬಾರಾನೇ ಅದರದೂ. ಯಾರರ ಮೊದಲ ತಿರುವಿ ಕೊಡಬೇಕು.

ವಿಮಾನದ ಬಾಲದ ತುದ್ಯಾಗ ಒಂದು ಸಣ್ಣ ಇಂಜಿನ್ ಇರ್ತದ. ಬ್ಯಾಟರಿಲೆ ಚಾಲೂ ಆಗ್ತದ. ಅದು ವಿಮಾನ ಹಾರಸಂಗಿಲ್ಲ, ಗಾಳಿ ಒತ್ತಿ ಕೊಡ್ತದ, ಅಷ್ಟೇ. ಆ ಗಾಳಿ ಕೊಳವ್ಯಾಗ ಹಾದು ರೆಕ್ಕಿ ಕೆಳಗಿನ ದೊಡ್ಡ ಇಂಜಿನ್ ತನಕ ಬರ್ತದ. ಅಲ್ಲೊಂದು ಬಾಗಲ ಅದ, ವಾಲ್ವ್ ಅಂತಾರ. ಅದು ತೆರದ್ರ ಗಾಳಿ ಸ್ಟಾರ್ಟರಿನ್ಯಾಗ ನುಗ್ತದ. ಸ್ಟಾರ್ಟರ್ ಅಂದ್ರ ಏನು ಭಾಳ ದೊಡ್ಡದಲ್ಲ, ನಮ್ಮ ನೀರಿನ ಕೊಡದಷ್ಟು. ಒಳಗ ಹುಡುಗ್ರ ಕಾಗದದ ಗಿರಗಿಟ್ಲಿ ಹಂಗ ಒಂದು ಉಕ್ಕಿನ ಚಕ್ರ. ಗಾಳಿ ಬಡದ್ರ ಅದು ಎಂಥಾ ಜೋರ ತಿರಗ್ತದಂದ್ರ, ಆ ಓಟ ಹಂಗೇ ಕೊಟ್ರ ದೊಡ್ಡ ಇಂಜಿನ್ನಿಗೆ ಉಪಯೋಗಿಲ್ಲ. ನಡುವ ಹಲ್ಲಿನ ಗಾಲಿಗಳು ಓಟ ಇಳಿಸಿ ತಾಕತ್ತು ಏರಸ್ತಾವ. ನಮ್ಮ ಪಟ್ಟಾ ಸಣ್ಣ ಗಾಲಿಯಿಂದ ದೊಡ್ಡ ಗಾಲಿಗೆ ಹೋದಂಗ.

ಮೋಟಾರ್ ಹಚ್ಚಬಾರದೇನು ಅಂತ ನಾ ಕೇಳಿದೆ. ಇಷ್ಟು ತಾಕತ್ತಿನ ಮೋಟಾರ್ ಅಂದ್ರ ಭಾಳ ಭಾರ ಆಗ್ತದಂತ. ಹಾರೋ ವಸ್ತುಕ್ಕ ಭಾರಾನೇ ವೈರಿ. ಗಾಳಿಗೇನು ಭಾರ?

ನಾ ಮೊದಲನೇ ಸಲ ನೋಡಿದ್ದು ಹೋದ ವಾರ. ಮೊದಲ ಒಂದು ಸುಂಯ್ ಅನ್ನೋ ಸಪ್ಪಳ. ಆಮ್ಯಾಗ ಮುಂದಿನ ದೊಡ್ಡ ಚಕ್ರ, ನಮ್ಮ ಮನಿ ಬಾಗಲಕ್ಕಿಂತ ಎತ್ತರ ಅದು, ಸಾವಕಾಶ ತಿರಗಾಕ ಹತ್ತಿತು. ಯಾರೂ ಮುಟ್ಟಿಲ್ಲ ಯವ್ವಾ, ಬರೇ ಗಾಳಿ. ತಿರಗಿ ತಿರಗಿ, ಎಲ್ಲೋ ಒಳಗ ಧುಪ್ ಅಂತ ಬೆಂಕಿ ಹತ್ತಿತು. ನೆಲದ ನಡುಕ ಕಾಲಿನಿಂದ ಎದಿಗೆ ಏರ್ತು. ನನ್ನ ಕಣ್ಣಾಗ ನೀರು ಬಂದ್ವು. ಯಾಕ ಅಂತ ನನಗೂ ಗೊತ್ತಿಲ್ಲ, ಯಾರಿಗೂ ಕಾಣದಂಗ ವರಸಕೊಂಡೆ.

ಬಸವೇಶ್ವರಿ ಕಾಕುಗ ಹೇಳು, ಹ್ಯಾಂಡಲ್ ಅದ, ಆದ್ರ ಅದು ಗಾಳೀದು ಅಂತ.

ನಿನ್ನ ಶೀಲಾ


ಹಿರೋಳ್ಳಿ
೮ ಜುಲೈ ೨೦೨೪

ಪಂಚಶೀಲಾಗ ಜೈಭೀಮ್.

ಬರೇ ಗಾಳಿ! ಎಲಾ ಇದರ!

ನಿನ್ನ ಚೀಟಿ ನಾ ಎಷ್ಟ್ ಸಲ ಓದಿದೆ ಕೇಳಬ್ಯಾಡ. ಗಿರಣಿ ಸಾಲಿನ್ಯಾಗ ನಿಂತವರಿಗೆ ಓದಿ ಹೇಳಿದೆ. ಬಸವೇಶ್ವರಿ ಗಲ್ಲದ ಮ್ಯಾಲ ಕೈ ಇಟ್ಕೊಂಡು "ಅಯ್ಯ ಶಿವನ" ಅಂತ ನಿಂತಾಕಿ, ಆಕಿ ಪಾಳಿ ಬಂದದ್ದೂ ಆಕಿಗೆ ತಿಳೀಲಿಲ್ಲ. ಹಿಂದಿನಾಕಿ ಬುಟ್ಟಿ ಸುರುವಿಬಿಟ್ಲು, ಇಬ್ಬರೂ ಜಗಳಾಡಿದ್ರು.

ಗಾಳಿ ಅಂದ್ರ ನನಗ ರಾಶೀದು ನೆನಪಾಗ್ತದ. ತೊಗರಿ ತೂರಾಕ ಮೊರ ಎತ್ತಿ ಹಿಡಕೊಂಡು ಎಷ್ಟ್ ನಿಂತೇನಿ, ಎಷ್ಟ್ ಕರದೇನಿ ಆ ಗಾಳೀನ. ಬಾ ಅಂದ್ರ ಬರಂಗಿಲ್ಲ, ಬಂದ್ರ ಹೊಟ್ಟೆಲ್ಲಾ ಕಣ್ಣಾಗ. ನಮ್ಮ ಮಾತು ಅದು ಎಂದೂ ಕೇಳಿಲ್ಲ. ನಿಮ್ಮಲ್ಲಿ ಕೊಳವ್ಯಾಗ ಗಪ್ ನಡದು ಬಂದು, ಹೇಳಿದ ಕೆಲಸ ಮಾಡ್ತದ ಅಂತಿ. ನಂಬಾಕ ಆಗವಲ್ದು, ನಂಬದ ಇರಾಕೂ ಆಗವಲ್ದು. ನಿನ್ನೆ ಇಂಜಿನ್ ಚಾಲೂ ಮಾಡುವಾಗ ಸುಮ್ಮನ ಒಮ್ಮೆ ಊದಿ ನೋಡಿದೆ. ನಕ್ಕಿ ಹುಷಾರ್!

ಒಂದು ಮಾತು ಕೇಳೋದದ. ಇಂಜಿನ್ ಎದ್ದ ಮ್ಯಾಲ ಆ ಕೊಡದಷ್ಟರ ಸ್ಟಾರ್ಟರಿಂದು ಏನ್ ಗತಿ? ಹೊಳಿ ದಾಟಿದ ಮ್ಯಾಲ ಅಂಬಿಗನ ಗೊಡವಿ ಯಾರಿಗೆ ಅಂತಾರಲ್ಲ, ಹಂಗ ಬಿಚ್ಚಿ ಇಲ್ಲೇ ಒಗದು ಹೋಗ್ತಾರೇನು? ನನಗ್ಯಾಕೋ ಅದರ ಮ್ಯಾಲೇ ಜೀವ ಹೋಗ್ಯದ.

ನಿಮ್ಮಪ್ಪ ನಿನ್ನ ಚೀಟಿ ತಾವೇ ಇಸಕೊಂಡು ಓದಿದ್ರು. ಭಾಳ ಹೊತ್ತು ಓದಿದ್ರು. ಆಮ್ಯಾಗ ಒಂದೇ ಮಾತು ಕೇಳಿದ್ರು: "ಇಂಜಿನ್ ಎದ್ದ ಮ್ಯಾಲ ಅದು ಕೈ ಬಿಡ್ತದೇನು, ಕೇಳು."

ಮಳಿ ಚಲೋ ಆಗ್ಯದ. ತೊಗರಿ ಬಿತ್ಯಾರ ಎಲ್ಲಾರೂ.

ನಿನ್ನ ಅವ್ವ,
ರುಕ್ಮಿಣಿಬಾಯಿ


ಶಂಷಾಬಾದ್
೪ ಆಗಸ್ಟ್ ೨೦೨೪

ಯವ್ವಾ, ಜೈಭೀಮ್.

ತಡಾ ಆತು, ಸಿಟ್ಟಾಗಬ್ಯಾಡ.

ಅಪ್ಪಗ ಹೇಳು, ಬಿಡ್ತದ. ಸೈಕಲ್ ಇಳಕಲಿನ್ಯಾಗ ಪೆಡಲ್ ತುಳೀದಿದ್ರೂ ಗಾಲಿ ಓಡ್ತಾವಲ್ಲ, ಅಂಥಾದ್ದೇ ಒಂದು ಕ್ಲಚ್ ನಡುವ ಅದ. ಇಂಜಿನ್ ತನ್ನ ಓಟ ತಾನು ಹಿಡೀತು ಅಂದ್ರ ಅದು ತಾನೇ ಬಿಡ್ತದ, ಗಾಳಿ ಬಾಗಲೂ ಮುಚ್ತದ. ಬಿಡಲಿಲ್ಲ ಅಂದ್ರ ದೊಡ್ಡದು ಸಣ್ಣದನ್ನ ಎಳಕೊಂಡು ಓಡಿ ಚೂರು ಚೂರು ಮಾಡ್ತದ. ಹಂಗಾದ್ರೂ ಚೂರು ಹೊರಗ ಸಿಡೀಬಾರದು ಅಂತ ಅದರ ಕವಚ ದಪ್ಪ ಮಾಡ್ಯಾರ.

ಇಷ್ಟು ಬರದು ಮುಗಸಬೇಕು ಅಂತಿದ್ದೆ. ಆಗವಲ್ದು.

ಯವ್ವಾ, ಆ ವಾಲ್ವ್ ಪೈಲಟ್ ಮ್ಯಾಲಿಂದ ಬಟನ್ ಒತ್ತಿದ್ರ ತೆರೀತದ. ಒಮ್ಮೊಮ್ಮೆ ಹಟ ಹಿಡೀತದ, ತೆರೆಯಂಗಿಲ್ಲ. ಆಗ ಒಬ್ಬರು ಇಂಜಿನ್ನಿನ ಬಾಜೂಕ ನಿಂತು, ಕವಚದಾಗಿನ ಸಣ್ಣ ಕಿಂಡ್ಯಾಗ ನಟ್ ತಿರುವೋ ಪಾನಾ ಹಾಕಿ, ಕೈಲೆ ಅದನ್ನ ತೆರೀಬೇಕು. ಕಿವಿಗೆ ಹೆಡ್‌ಸೆಟ್ ಇರ್ತದ. ಪೈಲಟ್ ತೆರಿ ಅಂದ್ರ ತೆರೀಬೇಕು, ಮುಚ್ಚು ಅಂದ್ರ ಮುಚ್ಚಬೇಕು. ಅಷ್ಟರಾಗ ಇಂಜಿನ್ ಎದ್ದಿರ್ತದ, ನಾವು ಅದರ ಪಕ್ಕದಾಗೇ ಇರ್ತೇವಿ. ಮುಂದ ಹೋದ್ರ ಎಳಕೋತದ, ಹಿಂದ ಹೋದ್ರ ಸುಡ್ತದ. ನಡುವ ಒಂದು ದಾರಿ ಅದ, ಅದರಾಗೇ ಬಂದು ಅದರಾಗೇ ಹೋಗಬೇಕು.

ನನ್ನ ಪಾಳಿ ಬಂತು. ಹೊಟ್ಟಿನೋವು ಅಂದೆ. ಮತ್ತ ಬಂತು, ಮತ್ತ ಹೊಟ್ಟಿನೋವು. ರಾಧಿಕಾ ಮಾಡಿದ್ಲು, ಎಲ್ಲಾರೂ ಮಾಡಿದ್ರು. ಖುರ್ಷಿದ ಸಾಹೇಬರು ಬೈಲಿಲ್ಲ. "ಬೇಟಾ, ಇದು ಮಾಡಲಿಲ್ಲಂದ್ರ ನಿನ್ನನ್ನ ವಿಮಾನದ ಬಲ್ಲಿ ಕೆಲಸಕ್ಕ ಹಾಕಾಕ ನನಗ ಸಹಿ ಮಾಡಾಕ ಬರಂಗಿಲ್ಲ. ದೀಪಾವಳಿ ತನಕ ನೋಡ್ತೇನಿ. ಆಮ್ಯಾಗ ಸ್ಟೋರಿನ ಕೆಲಸ" ಅಂದ್ರು. ಸ್ಟೋರಿನ್ಯಾಗ ಕುಂತು ಬೋಲ್ಟ್ ಎಣಸಿ ಕೊಡಾಕ ನಾ ಇಷ್ಟ್ ಕಲ್ತೇನೇನು?

ಆದ್ರ ಪಾನಾ ಕಂಡ ಕೂಡ್ಲೆ ನನಗ ಅಪ್ಪ ಒದರಿದ್ದು ಕೇಳ್ತದ. ಆ ಹ್ಯಾಂಡಲ್ ಅಪ್ಪನ ಕೈ ಬಿಡಲಿಲ್ಲ, ಕೈ ಹಿಡಕೊಂಡೇ ಗಿರ್ರನ ತಿರಗಿತು. ನಾ ಆಗ ಸಣ್ಣಾಕಿ, ಜ್ವಾಳದ ಚೀಲದ ಹಿಂದ ಅಡಗಿ ಕುಂತಿದ್ದೆ. ಅದರ ಮ್ಯಾಲ ಏನಾತು ಒಂದೂ ನೆನಪಿಲ್ಲ. ಮನಷ್ಯಾರು ಎಬ್ಬಿಸಿದ್ದು ಮನಷ್ಯಾರನ್ನೇ ತಿರುವಿ ಒಗೀತದ ಅನ್ನೋದೊಂದು ಉಳದದ.

ನಾ ವಾಪಸ್ ಬರ್ತೇನಿ ಯವ್ವಾ. ಗಿರಣ್ಯಾಗ ನಿನ್ನ ಬಾಜೂಕ ಇರ್ತೇನಿ. ಅಪ್ಪಗ ಇದು ಹೇಳಬ್ಯಾಡ, ಅವರು ತಮ್ಮ ಸಲುವಾಗೇ ಅಂತ ಮನಸಿಗೆ ಹಚ್ಚಕೋತಾರ.

ಶೀಲಾ


ಹಿರೋಳ್ಳಿ
೧೨ ಆಗಸ್ಟ್ ೨೦೨೪

ಏ ಹುಚ್ಚಿ,

ಬಾ. ಯಾರ್ ಬ್ಯಾಡ ಅಂದಾರ? ಮನಿ ನಿಂದು, ಗಿರಣಿ ನಿಂದು. ಗಿರಣಿ ನಡಸಾಕ ಬರ್ತೇನಿ ಅಂದ್ರ ಹಾರ ತಗೊಂಡು ಆಳಂದ ಬಸ್‌ಸ್ಟ್ಯಾಂಡಿಗೆ ಬರ್ತೇನಿ. ಆದ್ರ ಅಂಜಿ ಓಡಿ ಬರ್ತೇನಿ ಅಂದ್ರ, ಎಲ್ಲಿಗೆ ಬರ್ತಿ? ಇಲ್ಲಿ ಮುಂಜಾನೆದ್ದು ಏನ್ ಹಿಡೀಬೇಕು? ಹ್ಯಾಂಡಲ್ ಹಿಡೀಬೇಕಲ್ಲ ಬೇ! ಹ್ಯಾಂಡಲಿಗೆ ಅಂಜಿ ಹ್ಯಾಂಡಲ್ ಬಲ್ಲಿಗೇ ಬರೋ ಶಾಣ್ಯಾಕಿನ ನಾ ನಿನ್ನ ಒಬ್ಬಾಕಿನ್ನ ನೋಡಿದ್ದು.

ಸಿಟ್ಟು ಇಳೀತು. ಈಗ ಕೇಳು.

ನೀ ನೋಡಿದ್ದು ಖರೇ, ತಿಳಕೊಂಡಿದ್ದು ಖರೇ ಅಲ್ಲ. ನಿಮ್ಮಪ್ಪ ಇಂಜಿನ್ ತರೋದಕ್ಕಿಂತ ಮೊದಲ ಏನ್ ಹಿಡೀತಿದ್ರು? ಸಲಿಕಿ ಹಿಡೀತಿದ್ರು, ಕೊಡ್ಲಿ ಹಿಡೀತಿದ್ರು. ಕಂಡವರ ಹೊಲದಾಗ ಸವದ ಕೈ ಅವು. ಸಲಿಕಿ ಹೆಂಗ ಹಿಡೀತಾರ? ಹೆಬ್ಬೆಟ್ಟು ಸುತ್ತಿ, ಮುಷ್ಟಿ ಬಿಗಿ ಮಾಡಿ. ಸಡ್ಲ ಹಿಡದ್ರ ಹೊಲದವರು ಬೈತಿದ್ರು. ಇಂಜಿನ್ ಬಂದಾಗ ಹ್ಯಾಂಡಲನ್ನೂ ಹಂಗೇ ಹಿಡದ್ರು. ಹ್ಯಾಂಡಲಿಗೆ ಹಂಗ ಹಿಡೀಬಾರದು. ಹೆಬ್ಬೆಟ್ಟೂ ಬೆರಳಿನ ಬಾಜೂಕೇ ಇರಬೇಕು, ಬರೇ ಕೊಕ್ಕಿ ಹಂಗ. ಇಂಜಿನ್ ಉಲ್ಟಾ ಒದೀತಂದ್ರ ಕೈ ತಾನೇ ಜಾರಿ ಬಿಡಬೇಕು. ಇದು ನಮಗ ಯಾರೂ ಹೇಳಿರಲಿಲ್ಲ. ಇಂಜಿನ್ ಮಾರಿದವ ತೆಂಗಿನಕಾಯಿ ಒಡದ, ಹಾರ ಹಾಕಿದ, ಫೋಟೋ ತಗಸಿದ, ಇದೊಂದು ಹೇಳ್ಲಿಲ್ಲ. ನಮ್ಮ ಓಣ್ಯಾಗ ಅದಕ್ಕ ಮೊದಲ ಯಾರ್ ಇಂಜಿನ್ ತಂದಿದ್ರು, ಕೇಳಾಕ?

ಆ ದಿನ ಗಾಲಿ ಪೂರಾ ಓಟ ಹಿಡಿಯೋದ್ರಾಗ ಲಿವರ್ ಬಿಟ್ರು. ಇಂಜಿನ್ ಉಲ್ಟಾ ಒದೀತು. ನೀ ಬರದಿ, ಹ್ಯಾಂಡಲ್ ಕೈ ಬಿಡಲಿಲ್ಲ ಅಂತ. ಹ್ಯಾಂಡಲ್ ಯಾರನ್ನೂ ಹಿಡದಿರಲಿಲ್ಲ ಬೇ. ಅವರೇ ಅದನ್ನ ಹಿಡದಿದ್ರು. ಜಲ್ಮದಾಗ ಮೊದಲನೇ ಸಲ ತಮ್ಮದು ಅಂತ ಒಂದು ಹಿಡದಿದ್ರು, ಹೆಂಗ ಬಿಡ್ತಾರ?

ಅದರ ಮ್ಯಾಲ ಏನಾತು ನೆನಪಿಲ್ಲ ಅಂತಿ. ಹೆಂಗ ನೆನಪಿರ್ತದ, ನಿನ್ನ ನಾ ಅಜ್ಜಿ ಮನ್ಯಾಗ ಬಿಟ್ಟಿದ್ದೆ. ಮರುದಿನ ಅವರನ್ನ ಕಲಬುರ್ಗಿ ದವಾಖಾನ್ಯಾಗ ಮಲಗಿಸಿ ಬಂದೆ. ಗಿರಣಿ ಮುಂದ ಬುಟ್ಟಿ ಹಂಗೇ ಸಾಲಾಗಿ ಇದ್ವು. ಯಾರೂ ಒಯ್ದಿರಲಿಲ್ಲ. ಅಫಜಲಪುರದಿಂದ ಖಮರ ಮಿಸ್ತ್ರಿ ಇಂಜಿನ್ ನೋಡಾಕ ಬಂದಿದ್ದ. ಅವನೇ ನನ್ನ ಹೆಬ್ಬೆಟ್ಟು ಹಿಡದು ಬೆರಳಿನ ಬಾಜೂಕ ಇಟ್ಟು, "ಹಿಂಗ, ಅಕ್ಕಾ" ಅಂದ. ಸೀರಿ ಕಚ್ಚಿ ಹಾಕ್ಕೊಂಡು ನಿಂತೆ. ಉಚ್ಚಿ ಹೋದಂಗಾತು, ಖರೇನೇ ಹೇಳ್ತೇನಿ. ನಮ್ಮವ್ವಗ ಅಂಜಿಕೇನೇ ಗೊತ್ತಿಲ್ಲ ಅಂತ ನೀ ಊರ ತುಂಬ ಹೇಳಕೋತ ತಿರಗ್ತಿದ್ದಿ, ನಾ ಗಪ್ ಕುಂತಿದ್ದೆ. ದಿನಾ ಅಂಜೇನಿ. ಇವತ್ತ ಮುಂಜಾನೀನೂ ಅಂಜೇನಿ. ಅಂಜಿಕಿ ಹೋಗಂಗಿಲ್ಲ, ಅದನ್ನ ಬಾಜೂಕ ನಿಂದ್ರಿಸಿ ಹ್ಯಾಂಡಲ್ ತಿರುವಬೇಕು. ನೀರಿಗಿಳದ ಮ್ಯಾಲ ಚಳಿ ಏನು, ಮಳಿ ಏನು?

ಇನ್ನೊಂದು ಹೇಳ್ತೇನಿ. ಇಂಜಿನ್ ಎದ್ದದ್ದು ಈಗ ನನಗ ಕಿವೀಲೆ ತಿಳಿಯಂಗಿಲ್ಲ. ಕೈಲೆ ತಿಳೀತದ. ಹ್ಯಾಂಡಲ್ ಹಗರ ಆಗ್ತದ. ಹಗರ ಆತು ಅಂದ್ರ ಅದು ಇನ್ನ ನನ್ನದಲ್ಲ, ಅದರ ಓಟ ಅದರದು. ಕೈ ತಗೀಬೇಕು. ಇಷ್ಟೇ ವಿದ್ಯಾ.

ನಿಮ್ಮಪ್ಪಗ ನಾ ಹೇಳಿಲ್ಲ. ಆದ್ರ ಅಂಚೆಯವ ಚೀಟಿ ಅವರ ಕೈಗೇ ಕೊಟ್ಟಾನ. ನಾ ಬರೂತನಕ ಓದಿ, ಮಡಚಿ, ತಕ್ಕಡಿ ಕೆಳಗ ಇಟ್ಟಿದ್ರು. ಈಗ ನನ್ನ ಪೆನ್ ಇಸಕೊಂಡು ಎಡಗೈಲೆ ಏನೋ ಬರೀಬೇಕು ಅಂತ ಕುಂತಾರ.

ನಿನ್ನ ಅವ್ವ,
ರುಕ್ಮಿಣಿಬಾಯಿ

ಶೀಲಾ,
ಹೆಬ್ಬೆಟ್ಟು ಹೊರಗ ಇಡು.
ಅಪ್ಪ


ಹಿರೋಳ್ಳಿ
೧೪ ಅಕ್ಟೋಬರ್ ೨೦೨೪

ಶೀಲಾಗ ಜೈಭೀಮ್.

ಎರಡು ತಿಂಗಳು ಆತು, ಒಂದು ಸಾಲಿಲ್ಲ. ಅಪ್ಪಗ ಫೋನ್ ಮಾಡಿ "ಆರಾಮ ಅದೇನಿ" ಅಂತಿ, ಇಡ್ತಿ. ನಾ ಹೆಚ್ಚು ಬೈದೇನೇನು? ಬೈದ್ರ ಬೈದೆ, ಅವ್ವ ಇದ್ದೇನಿ.

ಮೊನ್ನಿ ಧಮ್ಮಚಕ್ರದ ದಿನ ಇಂಜಿನ್ ತೊಳದು ಎಣ್ಣಿ ಕೊಟ್ಟೆವು. ಹ್ಯಾಂಡಲ್ ಒರಸಿದ್ದು ನಿಮ್ಮಪ್ಪ. ನಾ ನೋಡೂ ಇಲ್ಲ ಅನ್ನಂಗ ಆ ಕಡೆ ಮಾರಿ ಮಾಡಿ ನಿಂತೆ.

ಬಸವೇಶ್ವರಿ ಹುಣ್ಣಿಮಿಗೆ ಘತ್ತರಗಿ ಭಾಗ್ಯವಂತಿ ಗುಡಿಗೆ ಹೊಂಟಾಳ. ನಿನ್ನ ಮಗಳ ಹೆಸರೀಲೆ ಬೇಡಕೊಳ್ಳೇನು ಅಂದ್ಲು. ನಾವು ಹರಕಿ ಹೊರೋ ಮಂದಿ ಅಲ್ಲ ಅಂತ ಆಕಿಗೂ ಗೊತ್ತದ. ಆದ್ರೂ ಆಕಿ ಮನಸು ಒಡೀಬಾರದು ಅಂತ, "ನೀ ಏನರ ಬೇಡಕೋ, ನೈವೇದ್ಯದ ಹಿಟ್ಟು ನಾ ಬೀಸಿ ಕೊಡ್ತೇನಿ" ಅಂದೆ. ಸಣ್ಣಗ ಬೀಸೇನಿ.

ದೀಪಾವಳಿ ಬಂತು. ಸ್ಟೋರ್ ಅಂದ್ರ ಸ್ಟೋರ್, ಮನಿ ಅಂದ್ರ ಮನಿ, ಏನ್ ಆದ್ರೂ ಬರಿ. ಬರೀದ ಇರಬ್ಯಾಡ.

ಅವ್ವ


ಶಂಷಾಬಾದ್
೨೭ ಅಕ್ಟೋಬರ್ ೨೦೨೪

ಯವ್ವಾ, ಅಪ್ಪಾ, ಇಬ್ಬರಿಗೂ ಜೈಭೀಮ್.

ಪಾನಾ ಹಿಡಿಯೋದಕ್ಕಿಂತ ಮೊದಲ ಏನ್ ಬರದ್ರೂ ಸುಳ್ಳಾಗ್ತಿತ್ತು, ಅದಕ್ಕ ಬರೀಲಿಲ್ಲ. ಈಗ ಬರೀತೇನಿ.

ನಿನ್ನ ಚೀಟಿ ಓದಿದ ಮರುದಿನ ಖುರ್ಷಿದ ಸಾಹೇಬರ ಬಲ್ಲಿ ಹೋಗಿ, ಹೊಟ್ಟಿನೋವು ಸುಳ್ಳು ಅಂದೆ. "ಗೊತ್ತದ" ಅಂದ್ರು. ಬಂದ್ ಇದ್ದ ಇಂಜಿನ್ನಿನ ಮ್ಯಾಲ ದಿನಾ ಕಲಸಿದ್ರು. ಕಿಂಡಿ ಎಲ್ಲದ, ಕಣ್ಣು ಮುಚ್ಚಿ ಹುಡುಕು. ಪಾನಾ ಯಾವ ಕಡೆ ತಿರಗ್ತದ, ಕಣ್ಣು ಮುಚ್ಚಿ ತಿರುವು. ಯಾವ ದಾರೀಲೆ ಹಿಂದ ಸರೀತಿ, ನಡದು ತೋರ್ಸು. ದಿನಾ ನಡದೆ. ಆದ್ರೂ ಬಂದ್ ಇಂಜಿನ್ ಬ್ಯಾರೆ, ಎದ್ದ ಇಂಜಿನ್ ಬ್ಯಾರೆ.

ಶುಕ್ರವಾರ ಮುಂಜಾನಿ ಮುಂಬೈಗೆ ಹೋಗೋ ವಿಮಾನ. ಮಂದಿ ಎಲ್ಲಾ ಒಳಗ ಕುಂತಿದ್ರು. ಒಂದು ಇಂಜಿನ್ನಿನ ವಾಲ್ವ್ ಹಟ ಹಿಡೀತು. ಕಿಡಕ್ಯಾಗ ಒಬ್ಬಾಕಿ ಮುದುಕಿ ತಲಿ ಮ್ಯಾಲ ಸೆರಗು ಎಳಕೊಂಡು ಕೆಳಗ ನನ್ನೇ ನೋಡಾಕತ್ತಿದ್ಲು. ಸಾಹೇಬರು ನನ್ನ ಮಾರಿ ನೋಡಿದ್ರು. ಪಾನಾ ಮುಂದ ಹಿಡದ್ರು.

ಅಂಜಿಕಿ ಬಂತು ಯವ್ವಾ. ನೀ ಹೇಳಿದಂಗ ಬಾಜೂಕ ನಿಂದ್ರಿಸಿದೆ. ಸಾಹೇಬರೂ ನನ್ನ ಹಿಂದ ನಿಂತ್ರು, ಅವರ ಕೈ ನನ್ನ ಭುಜದ ಮ್ಯಾಲ ಇತ್ತು. ಕಿಂಡ್ಯಾಗ ಪಾನಾ ಕುಂದ್ರಿಸಿದೆ. ಹೆಡ್‌ಸೆಟ್ಟಿನ್ಯಾಗ ತೆರಿ ಅನ್ನೋ ಮಾತು ಬಂತು. ತೆರದೆ.

ಗಾಳಿ ಬಂದದ್ದು ನನಗ ಮೊದಲ ಕೈಯಾಗ ತಿಳೀತು. ಬಾಲದ ತುದೀಲಿಂದ ಅಷ್ಟು ದೂರ ಹಾದು ಬಂದ ಗಾಳಿ, ಪಾನಾದ ಕಬ್ಬಣದಾಗ ಜುಮ್ ಅಂತು, ಎಮ್ಮಿ ಕರುವಿನ ಕುತಗಿ ಮುಟ್ಟಿದಂಗ. ಆಮ್ಯಾಗ ಒಳಗ ಅಷ್ಟು ದೊಡ್ಡದು ಹೊಳ್ಳಿತು. ಸಾವಕಾಶ, ಜರಾ ಜೋರ, ಇನ್ನೂ ಜೋರ. ಬೆಂಕಿ ಹತ್ತಿತು. ಸಪ್ಪಳ ಎಂಥಾದ್ದಂದ್ರ ಅದರಾಗ ನಾನೂ ನಿನ್ನಂಗೇ ಕಿವುಡಿ ಆದೆ. ಕಿವಿಗೆ ಒಂದೇ ದನಿ, ಉಳದದ್ದೆಲ್ಲಾ ಕೈಗೆ, ಕಾಲಿಗೆ, ಎದಿಗೆ. ನೀ ದಿನಾ ಹಿಂಗ ಇರ್ತಿ ಅಲ್ಲ ಅಂತ ಆಗ ತಿಳೀತು ನನಗ. ನನ್ನ ಬಾಜೂಕ ಒಂದು ಬೆಟ್ಟ ಎದ್ದು ನಿಂತಿತ್ತು, ಅದಕ್ಕ ಮೊದಲನೇ ಉಸರು ನನ್ನ ಕೈಲೆ ಹೋಗಿತ್ತು.

ಮುಚ್ಚು ಅನ್ನೋ ಮಾತು ಬಂತು. ಮುಚ್ಚಿದೆ. ಪಾನಾ ತಗದೆ. ಅದು ನಿಂದ್ರಲಿಲ್ಲ ಯವ್ವಾ! ನಾ ಕೈ ತಗದೆ, ಅದು ಓಡೇ ಓಡ್ತು. ನನ್ನನ್ನ ಎಳೀಲಿಲ್ಲ, ಒಗೀಲಿಲ್ಲ, ನಾ ಅಲ್ಲಿದ್ದೆ ಅನ್ನೋದೂ ಅದಕ್ಕ ಖಬರಿಲ್ಲ. ಕಲ್ತ ದಾರೀಲೆ ಹಿಂದ ಸರದೆ.

ಆಮ್ಯಾಗ ಸಾಹೇಬರು ಕೇಳಿದ್ರು, "ಪಾನಾ ಹಂಗ ಯಾಕ ಹಿಡದಿದ್ದಿ? ಹೆಬ್ಬೆಟ್ಟು ಹೊರಗ ಇಟ್ಟು?" ನಮ್ಮ ಗಿರಣಿದು ಅಂದೆ. ಈ ಪಾನಾಕ್ಕ ಅದರ ಜರೂರಿಲ್ಲ ಅಂತ ನಕ್ಕರು. ಇರವಲ್ದ್ಯಾಕ, ಹಂಗೇ ಹಿಡೀತೇನಿ. ಅಪ್ಪಾ, ಹೊರಗೇ ಇಟ್ಟಿದ್ದೆ.

ಸಾಹೇಬರು ಸಹಿ ಮಾಡ್ಯಾರ. ಸ್ಟೋರಿಗೆ ಹೋಗಂಗಿಲ್ಲ, ಇನ್ನ ವಿಮಾನದ ಬಲ್ಲಿನೇ ಕೆಲಸ.

ಯವ್ವಾ, ನಿನ್ನ ಒಂದು ಪ್ರಶ್ನಿ ಉಳದದ. ಇಂಜಿನ್ ಎದ್ದ ಮ್ಯಾಲ ಸ್ಟಾರ್ಟರ್ ಬಿಚ್ಚಿ ಒಗೀತಾರೇನು ಅಂತ ಕೇಳಿದ್ದಿ. ಒಗೆಯಂಗಿಲ್ಲ. ಅದು ಇಂಜಿನ್ನಿನ ಸಂಗಾಟನೇ ಹೋಗ್ತದ. ಪಕ್ಕದಾಗ ಅಷ್ಟೆಲ್ಲಾ ಬೆಂಕಿ, ಅಷ್ಟೆಲ್ಲಾ ಗದ್ದಲ, ಅದರ ಚಕ್ರ ಮಾತ್ರ ಗಪ್ ನಿಂತಿರ್ತದ. ತನ್ನ ಕೆಲಸ ಮುಗಿಸಿ, ಮೋಡದ ಮ್ಯಾಲ, ಮುಂಬೈ ತನಕ. ನಿನಗ ಇದು ತಿಳಿಸಬೇಕು ಅಂತ ಅವತ್ತೆಲ್ಲಾ ನನಗ ಒಂದೇ ಧ್ಯಾಸ ಇತ್ತು.

ಆ ವಿಮಾನ ದಿನಾ ಮುಂಜಾನಿ ನಮ್ಮ ಆಳಂದ ಸೀಮಿ ಮ್ಯಾಲಿಂದೇ ಹೋಗ್ತದಂತ, ಪೈಲಟ್ ಸಾಹೇಬರು ಹೇಳಿದ್ರು. ಬುಟ್ಟಿ ಬರೋದ್ರಾಗ ಒಮ್ಮೆ ಮ್ಯಾಲ ನೋಡ್ರಿ.

ನಿಮ್ಮ ಶೀಲಾ


ಹಿರೋಳ್ಳಿ
೧೦ ನವೆಂಬರ್ ೨೦೨೪

ನನ್ನವ್ವ ಪಂಚಶೀಲಾಗ ಜೈಭೀಮ್.

ಏನ್ ಬರೀಲಿ? ಬೈಯಾಕ ಏನೂ ಉಳಿಸಿಲ್ಲ ನೀ.

ಚೀಟಿ ಬಂದ ದಿನ ಕರೆಂಟ್ ಇರಲಿಲ್ಲ, ಗಿರಣಿ ಮುಂದ ಊರೇ ಇತ್ತು. ಇಂಜಿನ್ ಬಂದ್ ಮಾಡಿದೆ. "ಬಂದ್ ಯಾಕ ಮಾಡಿದಿ" ಅಂತ ಒದರಿದ್ರು. ಕುಂದ್ರರಿ ಅಂದೆ, ಓದಿದೆ. ಆ ಸ್ಟಾರ್ಟರ್ ಸಂಗಾಟನೇ ಹೋಗ್ತದ ಅನ್ನೋದು ಬಂತು ನೋಡು, ನನಗ ಮುಂದ ಓದಾಕ ಆಗಲಿಲ್ಲ. ಬಸವೇಶ್ವರಿ ಇಸಕೊಂಡು ಉಳದದ್ದು ಓದಿದ್ಲು. ಈಗ ಆಕಿ, ಎಲ್ಲಾ ಭಾಗ್ಯವಂತಿ ಮಾಡಿದ್ದು ಅಂತಾಳ. ಹಿಟ್ಟು ನಂದು ಅಂತ ನಾ ಅಂತೇನಿ.

ನಿಮ್ಮಪ್ಪ ಓದುವಾಗ ಅಲ್ಲೇ ಕುಂತಿದ್ರು. ಮರುದಿನದಿಂದ ಮುಂಜಾನಿ ತಕ್ಕಡಿ ಬಿಟ್ಟು ಅಂಗಳದಾಗ ಹೋಗಿ ನಿಂದರ್ತಾರ. ಏನ್ ಮಾಡ್ತೀರಿ ಅಂದ್ರ ಬಿಸಲು ಕಾಸಾಕತ್ತೇನಿ ಅಂತಾರ. ನಾಕ ದಿನ ಮೋಡ ಇತ್ತು, ಆಗೂ ಬಿಸಲು ಕಾಸಿದ್ರು.

ಇವತ್ತ ಆಕಾಶ ತೊಳದಂಗಿತ್ತು. ಬುಟ್ಟಿ ಹೊತ್ತವರು ಓಣ್ಯಾಗ ಬರಾಕತ್ತಿದ್ರು. ನಾ ಹ್ಯಾಂಡಲ್ ತಗೊಂಡು ಹೊರಗ ಬಂದೆ. ನಿಮ್ಮಪ್ಪ ಅಂಗಳದ ನಡುವ ನಿಂತಿದ್ರು, ಟಾವೆಲ್ ನೆಲಕ್ಕ ಬಿದ್ದಿತ್ತು. ಆ ಕೈ, ಹತ್ತು ಮಂದ್ಯಾಗ ಎಂದೂ ತೋರಸದ ಆ ಸೊಟ್ಟ ಕೈ, ಭುಜದ ಮ್ಯಾಲ ಏರಂಗಿಲ್ಲ ಅಂತ ಡಾಕ್ಟರ್ ಹೇಳಿದ್ದ ಕೈ, ಓಣಿ ಮಂದಿ ಎಲ್ಲಾ ನೋಡಾಕತ್ತಿದ್ರೂ ಮ್ಯಾಲ ಎತ್ತಿದ್ರು. ಪೂರಾ ಏರಲಿಲ್ಲ. ಎಷ್ಟು ಏರ್ತೋ ಅಷ್ಟು ಎತ್ತಿ ಹಿಡದಿದ್ರು.

ನನಗ ವಿಮಾನದ ಸಪ್ಪಳ ಕೇಳ್ಸಲಿಲ್ಲ ಶೀಲಾ. ಅವರ ಕೈ ನೋಡಿ ಮ್ಯಾಲ ನೋಡಿದೆ.

ನಿನ್ನ ಅವ್ವ,
ರುಕ್ಮಿಣಿಬಾಯಿ